ಕಾಫಿ, ಕಪ್ಪೆ ಮತ್ತು ಜಾನ್ ಡೇಲಿ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಮೆದುಳಿಗೆ ಏನು ಮಾಡುತ್ತದೆ ಅಂತ ನಮ್ಮ ಕಡೆ ಯಾರಿಗಾದರೂ ಹೇಳಲು ಹೊರಟರೆ ಮಾತು ಜಾನ್ ಡೇಲಿ ಹತ್ತಿರ ಬಂದೇ ಬರುತ್ತದೆ. ಅಲ್ಲಿಂದ ಕಪ್ಪೆಗೆ ಹೋಗುತ್ತದೆ, ಆಮೇಲೆ ಪ್ರಶ್ನೆಗಳು ನಿಲ್ಲುವುದಿಲ್ಲ. ಮಡಿಕೇರಿ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯ ಪಿಯು ಮಕ್ಕಳು, ತೋಟದವರು, ಒಂದಿಬ್ಬರು ಮೆಡಿಕಲ್ ಶಾಪಿನವರು ಕೇಳಿದ್ದನ್ನೆಲ್ಲ ಇಲ್ಲಿ ಒಂದು ಕಡೆ ಹಾಕಿದ್ದೇನೆ.

ಯಾರು ಈ ಜಾನ್ ಡೇಲಿ?

ಅಮೆರಿಕದ ವಿಜ್ಞಾನಿ. ಪೂರ್ತಿ ಹೆಸರು ಜಾನ್ ಡಬ್ಲ್ಯು. ಡೇಲಿ. 1933ರಲ್ಲಿ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಹುಟ್ಟಿದರು. 1958ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದರು. ಅದೇ ವರ್ಷ ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿರುವ ಸರ್ಕಾರಿ ಸಂಶೋಧನಾ ಸಂಸ್ಥೆ ಎನ್‌ಐಎಚ್ ಸೇರಿದರು, ಆಮೇಲೆ ಬೇರೆ ಕಡೆ ಹೋಗಲೇ ಇಲ್ಲ. 2008ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೂ ಅದೇ ಸಂಸ್ಥೆ, ಸುಮಾರು ಐವತ್ತು ವರ್ಷ.

ಒಂದು ವಿಷಯ ಹಿಡಿದು ಅದನ್ನೇ ಜೀವನಪೂರ್ತಿ ತಿಕ್ಕುವ ಜಾತಿಯ ವಿಜ್ಞಾನಿ ಅಲ್ಲ ಇವರು. ಕಾಫಿ, ಕಪ್ಪೆ, ಹಕ್ಕಿ, ನಮ್ಮ ದೇಶದ ಒಂದು ಗಿಡದ ಬೇರು, ಎಲ್ಲದಕ್ಕೂ ಕೈ ಹಾಕಿದವರು. ಆದರೆ ಕೇಳುತ್ತಿದ್ದ ಪ್ರಶ್ನೆ ಒಂದೇ: ಪ್ರಕೃತಿಯಲ್ಲಿ ಸಿಗುವ ಈ ಚಿಕ್ಕ ಅಣು ನರಕೋಶದ ಯಾವ ಜಾಗಕ್ಕೆ ಹೋಗಿ ಕೂರುತ್ತದೆ, ಕೂತು ಏನು ಮಾಡುತ್ತದೆ?

ಡಾಕ್ಟರಾ ಇವರು? ರೋಗಿಗಳನ್ನು ನೋಡುತ್ತಿದ್ದರಾ?

ಇಲ್ಲ. ಔಷಧಿ ಮತ್ತು ವಿಷ ಮೆದುಳಿನ ಮೇಲೆ, ನರಗಳ ಮೇಲೆ ಹೇಗೆ ಕೆಲಸ ಮಾಡುತ್ತವೆ ಅಂತ ಲ್ಯಾಬಿನಲ್ಲಿ ನೋಡುವವರು. ಡಾಕ್ಟರ್ ಬರೆದುಕೊಡುವ ಮಾತ್ರೆಯ ಹಿಂದೆ ಇಂಥವರ ಕೆಲಸ ಮೂವತ್ತು ವರ್ಷ ಮೊದಲೇ ಆಗಿರುತ್ತದೆ. ಹೆಸರು ಮಾತ್ರ ಚೀಟಿಯಲ್ಲಿ ಇರಲ್ಲ.

ಕೊಡಗಿಗೂ ಇವರಿಗೂ ಏನು ಸಂಬಂಧ?

ನೇರವಾಗಿ ಏನೂ ಇಲ್ಲ. ಅವರ ಲ್ಯಾಬ್ ಅಮೆರಿಕದ್ದು, ಅವರು ಹೆಚ್ಚಾಗಿ ಸುತ್ತಿದ ಕಾಡು ಕೊಲಂಬಿಯಾ, ಪನಾಮಾ, ಈಕ್ವೆಡಾರ್ ಕಡೆಯದು. ಆದರೆ ದೇಶದ ಕಾಫಿಯಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆ ನಮ್ಮದು. ಮಳೆಗಾಲದಲ್ಲಿ ರಾತ್ರಿ ಹೊರಗೆ ನಿಂತರೆ ಕಪ್ಪೆ ಸದ್ದಿಗೆ ಫೋನಿನಲ್ಲಿ ಮಾತಾಡೋಕಾಗಲ್ಲ. ಡೇಲಿ ಜೀವನಪೂರ್ತಿ ಮಾಡಿದ ಎರಡು ದೊಡ್ಡ ಕೆಲಸವೂ ಇವೆರಡರ ಮೇಲೇ. ಅವರನ್ನು ತಿಳಿದುಕೊಳ್ಳಲು ನಮಗಿಂತ ಜಾಸ್ತಿ ಕಾರಣ ಇನ್ಯಾರಿಗಿದೆ?

ಕಾಫಿ ಕುಡಿದರೆ ನಿದ್ದೆ ಹಾರಿಹೋಗುವುದು ಯಾಕೆ? ಇದನ್ನು ಕಂಡುಹಿಡಿದವರು ಡೇಲಿಯೇನಾ?

ಅವರೊಬ್ಬರೇ ಅಲ್ಲ. ಇದು ತುಂಬಾ ಜನ ಸೇರಿ ಬಿಡಿಸಿದ ಗಂಟು.

ಕೆಫೀನನ್ನು ಕಾಫಿ ಬೀಜದಿಂದ ಮೊದಲು ಬೇರೆ ಮಾಡಿದ್ದು 1819ರಲ್ಲಿ, ರುಂಗೆ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ. ಆದರೆ ಅದು ಮೆದುಳಿನಲ್ಲಿ ಏನು ಮಾಡುತ್ತದೆ ಅಂತ ಗೊತ್ತಾಗಲು ಇನ್ನೂ ನೂರೈವತ್ತು ವರ್ಷ ಬೇಕಾಯಿತು. 1960ರ ದಶಕದಲ್ಲಿ ಎಲ್ಲರೂ ಒಪ್ಪಿದ್ದ ಉತ್ತರ ಬೇರೆ ಇತ್ತು. ಕೋಶದೊಳಗೆ ಸೈಕ್ಲಿಕ್ ಎಎಂಪಿ ಅಂತ ಒಂದು ಸಂದೇಶದ ಅಣು ಇದೆ. ಅದನ್ನು ಒಡೆಯುವ ಕಿಣ್ವವನ್ನು ಕೆಫೀನ್ ತಡೆಯುತ್ತದೆ, ಹಾಗಾಗಿ ಚುರುಕು ಬರುತ್ತದೆ ಅಂತ ಹೇಳುತ್ತಿದ್ದರು. ಕೇಳಲು ಚೆನ್ನಾಗಿದೆ. ತೊಂದರೆ ಏನಂದರೆ, ಆ ಕಿಣ್ವವನ್ನು ತಡೆಯಲು ಬೇಕಾದಷ್ಟು ಕೆಫೀನ್ ಒಂದೆರಡು ಲೋಟ ಕಾಫಿಯಿಂದ ಮೆದುಳಿಗೆ ಹೋಗುವುದೇ ಇಲ್ಲ. ಅಷ್ಟು ಹೋಗಬೇಕಾದರೆ ಮನುಷ್ಯ ಆಸ್ಪತ್ರೆ ಸೇರಬೇಕು.

ಇನ್ನೊಂದು ಸುಳಿವು 1970ರಲ್ಲಿ ಸಿಕ್ಕಿತು. ಸ್ಯಾಟಿನ್ ಮತ್ತು ರಾಲ್ ಎಂಬ ಇಬ್ಬರು ಮೆದುಳಿನ ತೆಳುವಾದ ಚೂರುಗಳಿಗೆ ಅಡೆನೊಸಿನ್ ಹಾಕಿದಾಗ ಆಗುವ ಬದಲಾವಣೆಯನ್ನು ಕೆಫೀನ್ ಗುಂಪಿನ ಅಣುಗಳು ತಡೆಯುತ್ತವೆ ಅಂತ ತೋರಿಸಿದರು. ಡೇಲಿಯ ಲ್ಯಾಬ್ ಆಗಲೇ ಇಂಥ ಮೆದುಳಿನ ಚೂರುಗಳ ಮೇಲೆ ಪಳಗಿತ್ತು. ಅಡೆನೊಸಿನ್ ಅಂದರೆ ನಾವು ಎಚ್ಚರ ಇದ್ದಷ್ಟೂ ಮೆದುಳಿನಲ್ಲಿ ಸೇರುತ್ತಾ ಹೋಗಿ, ಸಾಕು ಮಲಗು ಅಂತ ಹೇಳುವ ವಸ್ತು. ಅದಕ್ಕೆ ನರಕೋಶದ ಮೇಲೆ ಕೂರುವ ಜಾಗ ಇದೆ, ರಿಸೆಪ್ಟರ್. ಮೈಸೂರು ಬಸ್ ಬಂದಾಗ ಕಿಟಕಿಯಿಂದ ಟವೆಲ್ ಎಸೆದು ಸೀಟ್ ಹಿಡಿಯುತ್ತಾರಲ್ಲ, ಕೆಫೀನ್ ಮಾಡುವುದು ಅಷ್ಟೇ. ಟವೆಲ್ ಪ್ರಯಾಣ ಮಾಡುವುದಿಲ್ಲ, ಆದರೆ ಅದು ಇರುವಷ್ಟು ಹೊತ್ತು ಬೇರೆಯವರು ಕೂರುವ ಹಾಗಿಲ್ಲ.

1981ರಲ್ಲಿ ಮೆದುಳಿನ ವಿಜ್ಞಾನಿ ಸಾಲೊಮನ್ ಸ್ನೈಡರ್, ಡೇಲಿ ಮತ್ತು ಜೊತೆಗಾರರು ಇದನ್ನು ಗಟ್ಟಿ ಮಾಡಿದರು. ಕೆಫೀನ್, ಥಿಯೋಫಿಲಿನ್ ಮತ್ತು ಅವುಗಳ ಸಂಬಂಧಿಕ ಅಣುಗಳನ್ನು ಸಾಲಾಗಿ ತಗೊಂಡರು. ಯಾವುದು ರಿಸೆಪ್ಟರಿಗೆ ಎಷ್ಟು ಬಿಗಿಯಾಗಿ ಅಂಟುತ್ತದೆ ಅಂತ ಅಳೆದರು. ಅದನ್ನು ಕೊಟ್ಟಾಗ ಇಲಿಗಳು ಎಷ್ಟು ಓಡಾಡುತ್ತವೆ ಅಂತಲೂ ನೋಡಿದರು. ಎರಡೂ ಪಟ್ಟಿ ಬಹುಮಟ್ಟಿಗೆ ಹೊಂದಿದವು. ಕಿಣ್ವವನ್ನು ಜೋರಾಗಿ ತಡೆಯುವ ಒಂದು ಅಣು ಮಾತ್ರ ಕೆಲವು ಪ್ರಮಾಣದಲ್ಲಿ ಇಲಿಗಳನ್ನು ಚುರುಕು ಮಾಡುವ ಬದಲು ಮಂಕು ಮಾಡಿತು. ಹಳೆಯ ಉತ್ತರಕ್ಕೆ ಅಲ್ಲೇ ದೊಡ್ಡ ಏಟು ಬಿತ್ತು.

ಆಮೇಲಿನ ವರ್ಷಗಳಲ್ಲಿ ಡೇಲಿ ಕೆಫೀನಿನ ಅಣುವಿಗೆ ಅಲ್ಲಿ ಇಲ್ಲಿ ಸಣ್ಣ ಬದಲಾವಣೆ ಮಾಡಿ ಹೊಸ ಹೊಸ ಅಣುಗಳನ್ನು ಕಟ್ಟಿಸಿ, ಅಡೆನೊಸಿನ್ ರಿಸೆಪ್ಟರಿನಲ್ಲಿ ಯಾವ ಬಗೆಗೆ ಯಾವುದು ಅಂಟುತ್ತದೆ ಅಂತ ವಿಂಗಡಿಸಿದರು. ಎ1, ಎ2ಎ ಅಂತ ಈಗ ಪುಸ್ತಕದಲ್ಲಿ ಓದುತ್ತೇವಲ್ಲ, ಅವುಗಳನ್ನು ಒಂದೊಂದಾಗಿ ಮುಟ್ಟಿ ನೋಡುವ ಸಲಕರಣೆಗಳಲ್ಲಿ ಎಷ್ಟೋ ಈ ಕೆಲಸದಿಂದ ಬಂದವು. ನನ್ನ ಪ್ರಕಾರ ಅವರ ನಿಜವಾದ ಕೊಡುಗೆ ಇಂಥ ಸಲಕರಣೆಗಳೇ. ಪೇಪರಿನಲ್ಲಿ ಫೋಟೊ ಬರುವಂಥ ಕೆಲಸ ಅಲ್ಲ, ಆದರೆ ಇವಿಲ್ಲದೆ ಬೇರೆಯವರ ಕೆಲಸ ನಡೆಯುತ್ತಿರಲಿಲ್ಲ.

ರೋಬಸ್ಟಾ ಕುಡಿದರೆ ಜಾಸ್ತಿ ಎಚ್ಚರ ಅಂತಾರೆ. ನಿಜವಾ?

ನಿಜ. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಚಿಕೋರಿಯಲ್ಲಿ ಕೆಫೀನೇ ಇಲ್ಲ, ಹಾಗಾಗಿ ಅಂಗಡಿ ಪುಡಿಯಲ್ಲಿ ಚಿಕೋರಿ ಜಾಸ್ತಿ ಇದ್ದಷ್ಟೂ ಎಚ್ಚರ ಕಮ್ಮಿ. ಬೆಲ್ಲ ಹಾಕಿದ ಕರಿ ಕಾಫಿಯಲ್ಲಿ ಬೆಲ್ಲಕ್ಕೂ ನಿದ್ದೆಗೂ ಸಂಬಂಧ ಇಲ್ಲ, ಪುಡಿ ಎಷ್ಟು ಹಾಕಿದ್ದೀರಿ ಅನ್ನುವುದೇ ಲೆಕ್ಕ.

ನಾನು ರಾತ್ರಿ ಒಂಬತ್ತಕ್ಕೆ ಕುಡಿದರೂ ಗೊರಕೆ ಹೊಡೆಯುತ್ತೇನೆ. ಹಾಗಾದರೆ ಇದೆಲ್ಲ ಸುಳ್ಳಾ?

ಸುಳ್ಳಲ್ಲ. ದಿನಾ ಕುಡಿಯುವವರಿಗೆ ದೇಹ ಒಗ್ಗಿಕೊಳ್ಳುತ್ತದೆ. ಜೊತೆಗೆ ಕೆಫೀನನ್ನು ಲಿವರ್ ಕರಗಿಸುವ ವೇಗ ಒಬ್ಬೊಬ್ಬರದು ಒಂದೊಂದು. ಸರಾಸರಿ ಸುಮಾರು ಐದು ಗಂಟೆಗೆ ಅರ್ಧ ಖಾಲಿ ಆಗುತ್ತದೆ. ಬೀಡಿ ಸಿಗರೇಟ್ ಸೇದುವವರಲ್ಲಿ ಬೇಗ, ಗರ್ಭಿಣಿಯರಲ್ಲಿ ತುಂಬಾ ನಿಧಾನ. ನಿದ್ದೆ ಬಂದರೂ ಅದು ಆಳವಾದ ನಿದ್ದೆ ಆಗಿರಬೇಕಂತಿಲ್ಲ.

ಒಂದು ದಿನ ಕಾಫಿ ಬಿಟ್ಟರೆ ತಲೆನೋವು ಬರುತ್ತಲ್ಲ, ಅದರ ಹಿಂದೆಯೂ ಇದೇ ಅಡೆನೊಸಿನ್. ತಡೆ ಇಲ್ಲದಾಗ ಅದು ಮೆದುಳಿನ ರಕ್ತನಾಳಗಳನ್ನು ಅಗಲ ಮಾಡುತ್ತದೆ.

ಹಾರ್ಟ್ ಸ್ಟ್ರೆಸ್ ಟೆಸ್ಟ್‌ಗೆ ಮೊದಲು ಕಾಫಿ ಕುಡಿಯಬೇಡಿ ಅಂತಾರಲ್ಲ, ಅದೂ ಇದೇನಾ?

ಇದೇ. ಓಡಲಾಗದ ರೋಗಿಗೆ ಟ್ರೆಡ್‌ಮಿಲ್ ಬದಲು ಅಡೆನೊಸಿನ್ ಅಥವಾ ರೆಗಡೆನೊಸಾನ್ ಕೊಟ್ಟು ಹೃದಯದ ರಕ್ತನಾಳಗಳನ್ನು ಅಗಲ ಮಾಡಿ ನೋಡುವ ಪರೀಕ್ಷೆ ಇದೆ. ಬೆಳಿಗ್ಗೆ ಅಭ್ಯಾಸಬಲದಿಂದ ಒಂದು ಲೋಟ ಕುಡಿದು ಹೋದರೆ ಕೆಫೀನ್ ಆ ಔಷಧಿಯನ್ನೂ ತಡೆಯುತ್ತದೆ, ಪರೀಕ್ಷೆಯ ಫಲಿತಾಂಶ ಸರಿ ಬರುವುದಿಲ್ಲ. ಎಷ್ಟು ಗಂಟೆ ಮೊದಲು ನಿಲ್ಲಿಸಬೇಕು ಅಂತ ಆಸ್ಪತ್ರೆಯವರೇ ಹೇಳುತ್ತಾರೆ, ಆ ಮಾತನ್ನು ನಮ್ಮವರು ಹಗುರವಾಗಿ ತಗೊಳ್ಳುವುದೇ ಜಾಸ್ತಿ.

ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಇಸ್ಟ್ರಾಡೆಫಿಲಿನ್ ಅಂತ ಒಂದು ಔಷಧಿ ಇದೆ, ಜಪಾನಿನಲ್ಲಿ 2013ರಲ್ಲಿ, ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಕೆಫೀನಿನ ಕುಟುಂಬದ್ದೇ ಅಣು, ಎ2ಎ ರಿಸೆಪ್ಟರನ್ನು ತಡೆಯುತ್ತದೆ. ಡೇಲಿ ಅದನ್ನು ಮಾಡಿದವರಲ್ಲ, ಆದರೆ ಆ ದಾರಿ ಸವೆಸಿದವರಲ್ಲಿ ಒಬ್ಬರು.

ಸರಿ, ಈಗ ಕಪ್ಪೆ. ಒಬ್ಬ ರಸಾಯನಶಾಸ್ತ್ರದವನಿಗೆ ಕಪ್ಪೆ ಹುಚ್ಚು ಯಾಕೆ ಹಿಡಿಯಿತು?

ಬಾಸ್ ಕಳಿಸಿದರು, ಹೋದರು. ಎನ್‌ಐಎಚ್‌ನಲ್ಲಿ ಇವರ ಮೇಲಧಿಕಾರಿ ಬರ್ನ್‌ಹಾರ್ಡ್ ವಿಟ್ಕಾಪ್. ಕೊಲಂಬಿಯಾದ ಚೊಕೊ ಕಾಡಿನ ಜನ ಬೇಟೆಗೆ ಊದುಕೊಳವೆಯ ಅಂಬುಗಳಿಗೆ ಹಚ್ಚುವ ಕಪ್ಪೆ ವಿಷ ಏನು ಅನ್ನುವುದು ಅವರ ಕುತೂಹಲ. 1960ರ ದಶಕದಲ್ಲಿ ಡೇಲಿ ಆ ಕಾಡಿಗೆ ಹೋಗಿ ಕಪ್ಪೆ ಹಿಡಿದು ತರಲು ಶುರು ಮಾಡಿದರು. ಅದರಿಂದ ಸಿಕ್ಕಿದ್ದು ಬ್ಯಾಟ್ರಾಕೊಟಾಕ್ಸಿನ್. ಅದರ ರಚನೆಯನ್ನು ತಕಾಶಿ ಟೊಕುಯಾಮ, ಡೇಲಿ, ವಿಟ್ಕಾಪ್ ಸೇರಿ 1960ರ ದಶಕದ ಕೊನೆಗೆ ಬಿಡಿಸಿದರು.

ಈ ವಿಷ ನರಕೋಶದ ಸೋಡಿಯಂ ಬಾಗಿಲನ್ನು ತೆರೆದು, ಮತ್ತೆ ಮುಚ್ಚಲು ಬಿಡುವುದಿಲ್ಲ. ನರದ ಸಂದೇಶ ಅಂದರೆ ಆ ಬಾಗಿಲು ಕ್ಷಣಕ್ಕೊಮ್ಮೆ ತೆರೆದು ಮುಚ್ಚುವುದೇ ಅಲ್ವಾ? ಅದು ತೆರೆದೇ ಉಳಿದರೆ ನರ ಕೆಲಸ ನಿಲ್ಲಿಸುತ್ತದೆ, ಹೃದಯ ತಾಳ ತಪ್ಪುತ್ತದೆ. ಆದರೆ ಇದೇ ವಿಷವನ್ನು ಸ್ವಲ್ಪ ಬದಲಿಸಿ ವಿಕಿರಣದ ಗುರುತು ಹಾಕಿ ಕೊಟ್ಟಾಗ, ಮರಗಟ್ಟಿಸುವ ಇಂಜೆಕ್ಷನ್‌ಗಳು, ಅಪಸ್ಮಾರದ ಕೆಲವು ಔಷಧಿಗಳು ಆ ಬಾಗಿಲಿನ ಮೇಲೆ ಹೇಗೆ ಕೆಲಸ ಮಾಡುತ್ತವೆ ಅಂತ ಅಳೆಯಲು ದಾರಿ ಆಯಿತು.

1978ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಕಪ್ಪೆ ತಜ್ಞರ ಜೊತೆ ಸೇರಿ ಹೊಸ ಜಾತಿಯೊಂದನ್ನು ವಿವರಿಸಿದರು: ಫಿಲ್ಲೊಬೇಟಿಸ್ ಟೆರಿಬಿಲಿಸ್. ಚಿನ್ನದ ಬಣ್ಣದ, ಹೆಬ್ಬೆರಳಿನಷ್ಟು ಉದ್ದದ ಕಪ್ಪೆ. ಅಲ್ಲಿನ ಎಂಬೆರಾ ಜನ ಅದನ್ನು ಕೊಲ್ಲುವುದೂ ಇಲ್ಲ, ಅಂಬಿನ ತುದಿಯನ್ನು ಅದರ ಬೆನ್ನಿಗೆ ಉಜ್ಜಿ ಬಿಟ್ಟುಬಿಡುತ್ತಾರೆ.

ಡೇಲಿ ಕಪ್ಪೆಯನ್ನು ನಾಲಿಗೆಗೆ ಹಚ್ಚಿ ನೋಡುತ್ತಿದ್ದರು ಅಂತ ಓದಿದೆ. ನಿಜವಾ?

ಕಾಡಿನಲ್ಲಿ ಅಂಥ ಪರೀಕ್ಷೆ ಮಾಡುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಕಪ್ಪೆ ಮುಟ್ಟಿದ ಬೆರಳನ್ನು ನಾಲಿಗೆಗೆ ತಾಗಿಸುವುದು, ಉರಿದರೆ ಅದರಲ್ಲಿ ಏನೋ ಇದೆ ಅಂತ ಲೆಕ್ಕ. ಅದು ಆ ಕಾಲ, ಆ ಮನುಷ್ಯ. ನೀವು ಮಾಡಬೇಡಿ.

ಎಪಿಬ್ಯಾಟಿಡಿನ್ ಅಂತ ಕೇಳಿದ್ದೇನೆ. ಏನದು?

ಅವರ ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಕಥೆ ಇದು.

1974ರಲ್ಲಿ ಡೇಲಿ ಮತ್ತು ಮೈಯರ್ಸ್ ಈಕ್ವೆಡಾರ್‌ನಲ್ಲಿ ಒಂದು ಚಿಕ್ಕ ಪಟ್ಟೆ ಕಪ್ಪೆ ಹಿಡಿದರು. ಅದರ ಚರ್ಮದ ಸಾರವನ್ನು ಒಂಚೂರು ಇಲಿಗೆ ಕೊಟ್ಟಾಗ ಇಲಿಯ ಬಾಲ ಮೇಲೆದ್ದು ಬೆನ್ನಿನ ಕಡೆ ಬಾಗಿ ನಿಂತಿತು. ಔಷಧಿ ಲ್ಯಾಬಿನವರಿಗೆ ಆ ಬಾಲದ ಅರ್ಥ ಗೊತ್ತು. ಮಾರ್ಫಿನ್ ಕೊಟ್ಟಾಗ ಹಾಗೆ ಆಗುತ್ತದೆ. ಅಂದರೆ ಈ ಕಪ್ಪೆಯಲ್ಲಿ ನೋವು ಕೊಲ್ಲುವ ಏನೋ ಇದೆ. ಆದರೆ ಮಾರ್ಫಿನನ್ನು ತಡೆಯುವ ನಾಲೊಕ್ಸೋನ್ ಕೊಟ್ಟರೆ ಇದಕ್ಕೆ ಏನೂ ಆಗಲಿಲ್ಲ. ಅಂದರೆ ಮಾರ್ಫಿನಿನ ದಾರಿ ಅಲ್ಲ, ಬೇರೆ ದಾರಿ.

1976ರಲ್ಲಿ ಮತ್ತೆ ಹೋಗಿ ಸುಮಾರು 750 ಕಪ್ಪೆ ತಂದರು. ಅಷ್ಟರಿಂದಲೂ ಶುದ್ಧವಾಗಿ ಸಿಕ್ಕಿದ್ದು ಒಂದು ಮಿಲಿಗ್ರಾಮಿಗಿಂತ ಕಮ್ಮಿ. ಆಗಿನ ಯಂತ್ರಗಳಿಗೆ ಅಷ್ಟರಲ್ಲಿ ರಚನೆ ಕಾಣುತ್ತಿರಲಿಲ್ಲ. ಇದ್ದಬದ್ದದ್ದನ್ನೆಲ್ಲ ಪ್ರಯೋಗಕ್ಕೆ ಸುರಿದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಡೇಲಿ ಅದನ್ನು ಎತ್ತಿಟ್ಟು ಕಾದರು. ಇತ್ತ 1980ರ ದಶಕದಲ್ಲಿ ಈ ಕಪ್ಪೆಗಳಿಗೆ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡು ಬಂತು, ಮನಸ್ಸು ಬಂದಷ್ಟು ಹಿಡಿದು ತರುವ ಕಾಲ ಹೋಯಿತು. ಲ್ಯಾಬಿನಲ್ಲಿ ಸಾಕಿದ ಕಪ್ಪೆಗಳಲ್ಲಿ ಆ ವಸ್ತುವೇ ಇರಲಿಲ್ಲ. ಕೊನೆಗೆ ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಯಂತ್ರಗಳು ಸುಧಾರಿಸಿದ ಮೇಲೆ, ಎತ್ತಿಟ್ಟಿದ್ದನ್ನು ತೆಗೆದು ರಚನೆ ಬಿಡಿಸಿ, 1992ರಲ್ಲಿ ಪ್ರಕಟಿಸಿದರು. ಅದೇ ಎಪಿಬ್ಯಾಟಿಡಿನ್. ಇಲಿಯಲ್ಲಿ ನೋವು ತಡೆಯುವುದರಲ್ಲಿ ಮಾರ್ಫಿನಿಗಿಂತ ಸುಮಾರು 200 ಪಟ್ಟು ಜೋರು. ಕೆಲಸ ಮಾಡುವುದು ನಿಕೋಟಿನಿಕ್ ರಿಸೆಪ್ಟರ್ ಮೇಲೆ, ಅಂದರೆ ಹೊಗೆಸೊಪ್ಪಿನ ನಿಕೋಟಿನ್ ಹೋಗಿ ಕೂರುವ ಜಾಗವೇ.

ಮಾತ್ರೆ ಆಯಿತಾ ಅದು?

ಆಗಲಿಲ್ಲ. ನೋವು ನಿಲ್ಲಿಸುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ಅಂತರ ತೀರಾ ಕಮ್ಮಿ. ಅಬಾಟ್ ಕಂಪನಿ ಅದೇ ಮಾದರಿಯಲ್ಲಿ ಎಬಿಟಿ-594 ಎಂಬ ಸೌಮ್ಯವಾದ ಅಣು ಮಾಡಿ ಮನುಷ್ಯರ ಮೇಲೆ ಪರೀಕ್ಷೆಯವರೆಗೂ ಹೋಯಿತು. ನೋವು ಕಮ್ಮಿ ಆಯಿತು, ಆದರೆ ವಾಕರಿಕೆ, ವಾಂತಿ, ತಲೆಸುತ್ತು ಜಾಸ್ತಿ ಆಗಿ ಕೈಬಿಟ್ಟರು.

ಸೋತ ಕಥೆ ಅಂತ ಕೆಲವರು ಇದನ್ನು ಹೇಳುತ್ತಾರೆ, ನಾನು ಒಪ್ಪಲ್ಲ. ನೋವು ತಡೆಯಲು ಮಾರ್ಫಿನ್ ಬಿಟ್ಟು ಇನ್ನೊಂದು ದಾರಿ ಇದೆ ಅಂತ ತೋರಿಸಿತು, ನಿಕೋಟಿನಿಕ್ ರಿಸೆಪ್ಟರ್ ಅಧ್ಯಯನಕ್ಕೆ ಇವತ್ತಿಗೂ ಲ್ಯಾಬುಗಳಲ್ಲಿ ಬಳಕೆಯಲ್ಲಿದೆ.

ಕಪ್ಪೆಗೆ ವಿಷ ಎಲ್ಲಿಂದ ಬರುತ್ತದೆ?

ಊಟದಿಂದ. ಇದನ್ನು ಹಂತ ಹಂತವಾಗಿ ತೋರಿಸಿದ್ದೂ ಡೇಲಿ ಮತ್ತು ಸಂಗಡಿಗರೇ. ಲ್ಯಾಬಿನಲ್ಲಿ ಹುಟ್ಟಿ ಬೆಳೆದ ಕಪ್ಪೆಯಲ್ಲಿ ವಿಷ ಇಲ್ಲ. ಅದಕ್ಕೆ ಆಲ್ಕಲಾಯ್ಡ್ (ಕಪ್ಪೆಯ ಈ ವಿಷಗಳು ಸೇರುವ ರಾಸಾಯನಿಕ ಗುಂಪು) ಪುಡಿ ಸವರಿದ ಹಣ್ಣುನೊಣ ತಿನ್ನಿಸಿದರೆ ಅದೇ ವಸ್ತು ಚರ್ಮಕ್ಕೆ ಬಂದು ಸೇರುತ್ತದೆ. ಕಾಡಿನ ತರಗೆಲೆಯಲ್ಲಿರುವ ಇರುವೆ, ಸಣ್ಣ ನುಸಿ, ಜೀರುಂಡೆಗಳಿಂದ ಕಪ್ಪೆ ಇದನ್ನೆಲ್ಲ ಕೂಡಿಸಿಕೊಳ್ಳುತ್ತದೆ. 2005ರ ಹೊತ್ತಿಗೆ ಅವರ ಪಟ್ಟಿಯಲ್ಲಿ ಇಂಥ ಅಣುಗಳು 800ಕ್ಕೂ ಜಾಸ್ತಿ ಇದ್ದವು.

ಹಾಗಾಗಿಯೇ ಒಂದೇ ಜಾತಿಯ ಕಪ್ಪೆ ಈ ಗುಡ್ಡದಲ್ಲಿ ಒಂದು ಥರ, ಆ ಗುಡ್ಡದಲ್ಲಿ ಇನ್ನೊಂದು ಥರ. ಎಪಿಬ್ಯಾಟಿಡಿನ್ ಇದ್ದ ಕಪ್ಪೆಗಳೂ ಎಲ್ಲ ಕಡೆ ಸಿಗಲಿಲ್ಲ. ಕೆಳಗಿನ ತರಗೆಲೆ ಬದಲಾದರೆ ಕಪ್ಪೆಯ ಚರ್ಮದ ರಸಾಯನವೂ ಬದಲಾಗುತ್ತದೆ. ಮರದ ನೆರಳು ಕಡಿದು, ಕಳೆನಾಶಕ ಹೊಡೆದು ನೆಲ ಬೋಳು ಮಾಡುವ ತೋಟದವರಿಗೆ ಇದನ್ನು ಹೇಳಿದರೆ, ಕಪ್ಪೆಯಿಂದ ನಮಗೇನು ಲಾಭ ಅಂತಾರೆ. ತರಗೆಲೆಯಲ್ಲಿ ಏನಿದೆ ಅಂತ ನಾವು ಪೂರ್ತಿ ನೋಡಿಯೇ ಇಲ್ಲ, ಲಾಭ ನಷ್ಟ ಹೇಗೆ ಹೇಳೋದು?

ಹಕ್ಕಿಯಲ್ಲೂ ಇದೇ ವಿಷ ಸಿಕ್ಕಿತಂತೆ?

ಹೌದು, ನ್ಯೂಗಿನಿಯ ಪಿಟೊಹುಯಿ ಹಕ್ಕಿ. ಜಾಕ್ ಡಂಬಾಕರ್ ಎಂಬ ಸಂಶೋಧಕ ಬಲೆಯಿಂದ ಅದನ್ನು ಬಿಡಿಸುವಾಗ ಕೈ ಗೀರಿತು. ಬೆರಳು ಬಾಯಿಗಿಟ್ಟುಕೊಂಡರೆ ಬಾಯಿ ಜೋಮು ಹಿಡಿಯಿತು. ಗರಿಗಳು ಡೇಲಿಯ ಲ್ಯಾಬಿಗೆ ಬಂದವು. ಅದರಲ್ಲಿದ್ದದ್ದು ಬ್ಯಾಟ್ರಾಕೊಟಾಕ್ಸಿನ್ ಗುಂಪಿನದೇ ವಿಷ, 1992ರಲ್ಲಿ ಪ್ರಕಟವಾಯಿತು. ಅಷ್ಟು ದೂರದ ಎರಡು ಪ್ರಾಣಿಗಳಲ್ಲಿ ಒಂದೇ ವಿಷ! 2004ರಲ್ಲಿ ಅಲ್ಲಿನ ಒಂದು ಸಣ್ಣ ಜೀರುಂಡೆಯಲ್ಲೂ ಅದು ಸಿಕ್ಕಿತು.

ಕೊಡಗಿನ ಕಪ್ಪೆಗಳು ವಿಷವಾ? ಮುಟ್ಟಬಹುದಾ?

ಆ ದಕ್ಷಿಣ ಅಮೆರಿಕದ ಕಪ್ಪೆಗಳ ಕುಟುಂಬ ನಮ್ಮಲ್ಲಿ ಇಲ್ಲ. ಮಳೆಗಾಲದಲ್ಲಿ ತೋಟದ ಟ್ಯಾಂಕಿನ ಮೇಲೆ ಬಾಗಿದ ಕೊಂಬೆಯಲ್ಲಿ ಬಿಳಿ ನೊರೆಯ ಗೂಡು ನೇತಾಡುತ್ತದಲ್ಲ, ಅದು ಮಲಬಾರ್ ಹಾರುವ ಕಪ್ಪೆಯದು. ಮೈ ಹಸಿರು, ಬೆರಳುಗಳ ನಡುವಿನ ಪೊರೆ ಕೆಂಪು. ಮರಿಗಳು ನೊರೆಯಿಂದ ಜಾರಿ ನೇರ ನೀರಿಗೆ ಬೀಳುತ್ತವೆ. ಅದರಿಂದ ಯಾರೂ ಸಾಯಲ್ಲ.

ಮನೆ ಅಂಗಳಕ್ಕೆ ಬರುವ ನೆಲಗಪ್ಪೆಯ ಕಣ್ಣ ಹಿಂದೆ ಉಬ್ಬಿದ ಗ್ರಂಥಿ ಇದೆ, ಅದರ ಹಾಲಿನಂಥ ರಸ ಮಾತ್ರ ವಿಷವೇ. ಬಾಯಿಗೆ ಹಾಕಿಕೊಂಡ ನಾಯಿ ನೊರೆ ಕಕ್ಕುತ್ತದೆ. ಮುಟ್ಟಿದರೆ ಕೈ ತೊಳೆಯಿರಿ, ಕಣ್ಣು ಉಜ್ಜಬೇಡಿ, ನಾಯಿ ಅದನ್ನು ಕಚ್ಚಿದ್ದರೆ ನಾಯಿಯನ್ನು ಪಶುವೈದ್ಯರಿಗೆ ತೋರಿಸಿ.

ನಮ್ಮ ದೇಶದ ಬೇರಿನ ಮೇಲೂ ಕೆಲಸ ಮಾಡಿದ್ದಾರೆ ಅಂದಿರಿ?

ಮಾಕಂದಿ ಬೇರು, ಕೋಲಿಯಸ್ ಗಿಡದ್ದು. ಉಪ್ಪಿನಕಾಯಿ ಹಾಕುವ ಮಾಕಳಿ ಬೇರು ಬೇರೆ, ಎರಡನ್ನೂ ಕಲಸಬೇಡಿ. ಈ ಗಿಡದ ಬೇರಿನಿಂದ ಫೋರ್‌ಸ್ಕೋಲಿನ್ ಎಂಬ ವಸ್ತುವನ್ನು 1970ರ ದಶಕದಲ್ಲಿ ಭಾರತದಲ್ಲೇ ಬೇರ್ಪಡಿಸಿದ್ದರು. ಅದು ಸೈಕ್ಲಿಕ್ ಎಎಂಪಿ ತಯಾರಿಸುವ ಕಿಣ್ವವನ್ನೇ ನೇರ ಎಬ್ಬಿಸುತ್ತದೆ ಅಂತ 1981ರಲ್ಲಿ ಸೀಮನ್, ಪ್ಯಾಜೆಟ್ ಮತ್ತು ಡೇಲಿ ತೋರಿಸಿದರು. ಇವತ್ತು ಜಗತ್ತಿನಾದ್ಯಂತ ಜೀವವಿಜ್ಞಾನದ ಲ್ಯಾಬುಗಳ ಫ್ರಿಜ್ಜಿನಲ್ಲಿ ಇದರ ಒಂದು ಚಿಕ್ಕ ಸೀಸೆ ಇರುತ್ತದೆ. ತೂಕ ಇಳಿಸುತ್ತೆ ಅಂತ ಇದನ್ನು ಡಬ್ಬಿಯಲ್ಲಿ ಮಾರುವವರ ಮಾತಿಗೆ ಮಾತ್ರ ದುಡ್ಡು ಕಳೆಯಬೇಡಿ, ಗಟ್ಟಿ ಆಧಾರ ಇಲ್ಲ.

ನೊಬೆಲ್ ಬಂತಾ?

ಇಲ್ಲ. 1997ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಶುರುವಿನ ವರ್ಷಗಳಲ್ಲಿ ಇವರ ಜೊತೆ ಕೆಲಸ ಮಾಡಿದ್ದ ಜೂಲಿಯಸ್ ಆಕ್ಸೆಲ್‌ರಾಡ್‌ಗೆ 1970ರಲ್ಲಿ ಬಂತು.

ಬೇರೆ ದೇಶದ ಕಾಡಿನಿಂದ ಕಪ್ಪೆ ಹೊತ್ತುಕೊಂಡು ಹೋಗಿದ್ದು ಸರಿನಾ?

ಈ ಪ್ರಶ್ನೆ ಈಕ್ವೆಡಾರ್‌ನಲ್ಲೂ ಎದ್ದಿತ್ತು. ನಮ್ಮ ಕಪ್ಪೆಯಿಂದ ಕಂಪನಿಗಳು ಔಷಧಿ ಮಾಡಲು ಹೊರಟಿವೆ, ನಮಗೇನು ಸಿಕ್ಕಿತು ಅಂತ ಅಲ್ಲಿನವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಡೇಲಿ ಕಪ್ಪೆ ತಂದದ್ದು 1970ರ ದಶಕದಲ್ಲಿ, ಜೀವವೈವಿಧ್ಯದ ಅಂತರರಾಷ್ಟ್ರೀಯ ಒಪ್ಪಂದ ಆದದ್ದು 1992ರಲ್ಲಿ. ಆಗ ಕಾನೂನು ಇರಲಿಲ್ಲ ಅನ್ನುವುದು ನಿಜ, ಆದರೆ ಅಷ್ಟಕ್ಕೇ ಕಾಡಿನ ಜನರ ಲೆಕ್ಕ ಚುಕ್ತಾ ಆಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಅಂಬಿಗೆ ಹಚ್ಚುವ ಕಪ್ಪೆ ಯಾವುದು ಅಂತ ತೋರಿಸಿದವರು ಅವರೇ ತಾನೇ?

ನನ್ನ ಮಗಳಿಗೆ ಇಂಥ ಕೆಲಸ ಮಾಡುವ ಆಸೆ. ಏನು ಓದಬೇಕು?

ಎಂಬಿಬಿಎಸ್ಸೇ ಆಗಬೇಕಂತಿಲ್ಲ, ಇದನ್ನು ಮೊದಲು ಮನೆಯವರಿಗೆ ಹೇಳಿ. ಪಿಯುಸಿ ವಿಜ್ಞಾನದ ನಂತರ ಬಿ.ಫಾರ್ಮ ಒಂದು ದಾರಿ. ನಮಗೆ ಹತ್ತಿರ ಮೈಸೂರು, ಮಂಗಳೂರು, ಮಣಿಪಾಲ. ಆಮೇಲೆ ಜಿಪ್ಯಾಟ್ ಬರೆದು ಫಾರ್ಮಕಾಲಜಿಯಲ್ಲಿ ಎಂ.ಫಾರ್ಮ. ಇನ್ನೊಂದು ದಾರಿ ಬಿಎಸ್ಸಿ, ಎಂಎಸ್ಸಿ, ನೆಟ್ ಬರೆದು ಪಿಎಚ್‌ಡಿ. ಬೆಂಗಳೂರಿನ ನಿಮ್ಹಾನ್ಸ್, ಐಐಎಸ್‌ಸಿ, ಎನ್‌ಸಿಬಿಎಸ್ ಮೂರರಲ್ಲೂ ಮೆದುಳಿನ ಸಂಶೋಧನೆ ನಡೆಯುತ್ತದೆ. ರಸಾಯನಶಾಸ್ತ್ರ ಗಟ್ಟಿ ಇರಬೇಕು. ಡೇಲಿ ಮೂಲತಃ ರಸಾಯನದವರು, ಜೀವವಿಜ್ಞಾನದ ಬಹಳಷ್ಟನ್ನು ಕೆಲಸ ಮಾಡುತ್ತಾ ಕಲಿತವರು.

ತೋಟದ ಕಪ್ಪೆ ಹಿಡಿದು ನಾವೇ ಪರೀಕ್ಷೆಗೆ ಕಳಿಸಬಹುದಾ?

ಬೇಡ. ಸಂಶೋಧನೆಗೆ ಕಾಡುಪ್ರಾಣಿ ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ, ನಮ್ಮ ಜೀವಿಗಳ ಮಾದರಿ ತಗೊಳ್ಳಲು ವಿದೇಶದವರಿಗೆ ರಾಷ್ಟ್ರೀಯ ಪ್ರಾಧಿಕಾರದ ಒಪ್ಪಿಗೆಯೂ ಬೇಕು. ಯಾರಾದರೂ ಬಂದು ಕಪ್ಪೆ, ಬೇರು, ಜೀರುಂಡೆ ಕೇಳಿದರೆ ಮೊದಲು ಕಾಗದ ತೋರಿಸಿ ಅನ್ನಿ. ನಿಮಗೇ ಕುತೂಹಲ ಇದ್ದರೆ ಟಾರ್ಚ್ ಹಿಡಿದು ಜೂನ್ ಜುಲೈ ರಾತ್ರಿ ಕೆರೆ ದಂಡೆಗೆ ಹೋಗಿ, ಫೋಟೊ ತೆಗೆಯಿರಿ, ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಜಾಗ ಮತ್ತು ತಾರೀಕಿನ ಜೊತೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ. ಗುರುತಿಸುವವರು ಅಲ್ಲಿದ್ದಾರೆ. ಗಮ್‌ಬೂಟ್ ಹಾಕಿಕೊಂಡು ಹೋಗಿ, ಜಿಗಣೆ ಜಾಸ್ತಿ.